ಮಿನುಗುವ ಹೆಡ್‌ಲೈಟೂ ವಾಹನದೊಡೆಯನ ಕರ್ತವ್ಯವೂ

ಸಂಜೆಗತ್ತಲು ಕವಿದ ಮೇಲೆ ನಮ್ಮ ಯಾವುದಾದರೂ ಹೆದ್ದಾರಿಯ ಬದಿಯಲ್ಲಿ ಕಾಲು ಗಂಟೆ ನಿಂತು ನೋಡಿದವರಿಗೆ, ಬರುವ ಕಾರುಗಳಲ್ಲಿ ಕೆಲವು ಎರಡು ದೀಪಗಳಿಗೆ ಬದಲಾಗಿ ಒಂದೇ ದೀಪವನ್ನು ಹೊತ್ತು ಬರುವುದೂ, ಇನ್ನು ಕೆಲವದರ ಒಂದು ದೀಪ ಚಕ್ರ ಗುಂಡಿಗಿಳಿದೊಡನೆ ಆರಿ ಮುಂದಿನ ಉಬ್ಬನ್ನು ಹತ್ತಿದೊಡನೆ ತಾನಾಗಿಯೇ ಹೊತ್ತಿಕೊಳ್ಳುವುದೂ ಕಣ್ಣಿಗೆ ಬೀಳದೆ ಇರದು. ಅಂಥ ಕಾರಿನ ಒಡೆಯನನ್ನು ತಡೆದು ಕೇಳಿದರೆ, “ಏನಿಲ್ಲ ಸಾರ್, ಲೂಸ್ ಕಾಂಟ್ಯಾಕ್ಟು, ಒಂದೇಟು ತಟ್ಟಿದರೆ ಹತ್ತಿಕೊಳ್ಳುತ್ತೆ” ಎಂಬ ಉತ್ತರ ದೊರೆಯುತ್ತದೆ. ಹಾಗೆ ಹೇಳುತ್ತಲೇ ಆತ ಕೆಳಗಿಳಿದು ದೀಪದ ಗಾಜನ್ನು ಅಂಗೈಯಿಂದ ತಟ್ಟುತ್ತಾನೆ, ದೀಪ ಹೊತ್ತಿಕೊಳ್ಳುತ್ತದೆ, ಪ್ರಯಾಣ ಮುಂದುವರಿಯುತ್ತದೆ. ಈ ಉದಾಸೀನ ಎಷ್ಟು ಅನರ್ಥಕಾರಿಯಾದುದೆಂಬುದನ್ನೂ, ಅದಕ್ಕೆ ತಕ್ಕ ಪರಿಹಾರ ಎಷ್ಟರಮಟ್ಟಿಗೆ ಸಾಮಾನ್ಯ ಗೃಹಸ್ಥನ ಕೈಯಳವಿನೊಳಗೇ ಇದೆಯೆಂಬುದನ್ನೂ ಕುರಿತು ಕೆಲವು ಮಾತುಗಳನ್ನು ಹೇಳುವುದು ಅವಶ್ಯವೆಂದು ನನಗೆ ತೋರುತ್ತದೆ.

ಪೂರ್ತಿಯಾಗಿ ಕೆಟ್ಟ ದೀಪಕ್ಕಿಂತ, ಆಗಾಗ ಆರಿ ಆಗಾಗ ಬೆಳಗುವ ದೀಪವೇ ಹೆಚ್ಚು ಅಪಾಯಕರವೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ಬಲ್ಬು ಸುಟ್ಟುಹೋದರೆ ಎಂಥ ಸೋಮಾರಿಯೂ ಒಂದೆರಡು ದಿನಗಳೊಳಗೆ ಅಂಗಡಿಗೆ ಹೋಗಿ ಹೊಸದನ್ನು ಹಾಕಿಸಿಕೊಂಡು ಬರುತ್ತಾನೆ. ಏಕೆಂದರೆ ಆ ದೋಷ ದಿನವೂ ಕಣ್ಣೆದುರಿಗಿರುತ್ತದೆ. ಸಡಿಲವಾದ ಸಂಪರ್ಕದ ಸ್ವಭಾವವೇ ಬೇರೆ. ಹಗಲು ಹೊತ್ತು ಗ್ಯಾರೇಜಿನವನ ಮುಂದೆ ನಿಲ್ಲಿಸಿದಾಗ ಅದು ನೆಟ್ಟಗಿರುತ್ತದೆ. ಊರೊಳಗಿನ ಸಮತಟ್ಟಾದ ಬೀದಿಯಲ್ಲಿ ನೆಟ್ಟಗಿರುತ್ತದೆ. ಆಗುಂಬೆಯ ತಿರುವಿನಲ್ಲಿಯೋ ಚಾರ್ಮಾಡಿಯ ಮಂಜಿನಲ್ಲಿಯೋ, ಎಲ್ಲಿ ಬೆಳಕು ಅತ್ಯಂತ ಅಗತ್ಯವೋ ಮತ್ತು ಎಲ್ಲಿ ರಸ್ತೆಯ ಕುಲುಕಾಟವೂ ಗಾಳಿಯ ತೇವವೂ ಒಟ್ಟುಗೂಡುವುವೋ, ಅಲ್ಲಿಯೇ ಅದು ಕೈಕೊಡುತ್ತದೆ.

ಇದರಲ್ಲಿ ಸ್ವಂತ ಪ್ರಾಣದ ಪ್ರಶ್ನೆಗಿಂತ ಮಿಗಿಲಾಗಿ ಅನ್ಯರ ಪ್ರಾಣದ ಪ್ರಶ್ನೆಯಿದೆ. ನಾವು ರಸ್ತೆಯ ಎಡಗಡೆಯಲ್ಲಿ ಚಲಿಸುವವರಾದುದರಿಂದ, ಎದುರು ಬರುವವನಿಗೆ ಸಮೀಪವಾಗಿರತಕ್ಕದ್ದು ನಮ್ಮ ಕಾರಿನ ಬಲಗಡೆಯ ದೀಪ. ಅದು ಆರಿ ಎಡಗಡೆಯದೊಂದೇ ಉಳಿದಾಗ, ಎದುರಿನ ಸವಾರನು ರಸ್ತೆಯ ಅಂಚಿನಲ್ಲಿ ಮೋಟಾರ್ ಸೈಕಲ್ಲೊಂದು ಬರುತ್ತಿದೆಯೆಂದು ಭಾವಿಸಿ, ಅದಕ್ಕೆ ಬೇಕಾದಷ್ಟು ಜಾಗವನ್ನು ಮಾತ್ರ ಬಿಟ್ಟು ಮುಂದೆ ಸಾಗುತ್ತಾನೆ. ಆ ಒಂಟಿ ದೀಪದ ಪಕ್ಕದಲ್ಲಿ, ಒಂದು ಮೀಟರಿಗೂ ಮಿಕ್ಕಿದ ಅಗಲದ ಉಕ್ಕಿನ ಒಡಲು ಕತ್ತಲೆಯಲ್ಲಿ ತನ್ನ ಕಡೆಗೇ ಬರುತ್ತಿದೆಯೆಂಬುದು ಅವನಿಗೆ ಗೋಚರಿಸುವುದು ತೀರ ಹತ್ತಿರ ಬಂದ ಮೇಲೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಪರಸ್ಪರ ಎದುರಾಗುವ ಎರಡು ವಾಹನಗಳ ನಡುವಣ ಅಂತರ ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ. ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳುವುದಕ್ಕೆ ಅಷ್ಟು ಕಾಲ ಎಲ್ಲಿಯೂ ಸಾಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸೂರ್ಯಾಸ್ತದ ಅರ್ಧ ಗಂಟೆಯ ತರುವಾಯ ವಾಹನದ ದೀಪಗಳು ಉರಿಯುತ್ತಿರಬೇಕೆಂದು ವಿಧಿಸಿರುವುದನ್ನು ಬರಿಯ ದಂಡದ ವಿಷಯವೆಂದು ತಿಳಿದವರು, ಆ ನಿಯಮ ಯಾರ ರಕ್ಷಣೆಗಾಗಿ ಹುಟ್ಟಿತೆಂಬುದನ್ನು ಯೋಚಿಸಿದವರಲ್ಲ.

ಮೋಟಾರು ವಾಹನಕ್ಕೆ ವಿದ್ಯುದ್ದೀಪ ಬಂದು ಒಂದು ಶತಮಾನಕ್ಕೂ ಹೆಚ್ಚು ಕಾಲವಾಯಿತು. ಅದಕ್ಕೆ ಮೊದಲು ಕಾರ್ಬೈಡಿನ ಮೇಲೆ ನೀರನ್ನು ತೊಟ್ಟಿಕ್ಕಿಸಿ, ಅದರಿಂದ ಹುಟ್ಟುವ ಅಸಿಟಿಲೀನ್ ಅನಿಲವನ್ನು ಉರಿಸುತ್ತಿದ್ದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಚಾರ್ಲ್ಸ್ ಕೆಟರಿಂಗರ ವಿದ್ಯುತ್ ವ್ಯವಸ್ಥೆ ಸ್ಟಾರ್ಟರನ್ನೂ ದೀಪವನ್ನೂ ಒಟ್ಟಿಗೆ ನಡೆಸತೊಡಗಿದ ಮೇಲೆ ಆ ಕಷ್ಟ ಕ್ರಮೇಣ ಮರೆಯಾಯಿತು. ಈಗ ನಮ್ಮ ಊರುಗಳ ಸಣ್ಣ ಕಾರುಗಳಲ್ಲಿ ಬಹುವಾಗಿ ಕಾಣುವುದು 1971ರಲ್ಲಿ ಬಳಕೆಗೆ ಬಂದ ಎಚ್4 ಎಂಬ ಜಾತಿಯ ಹ್ಯಾಲೊಜೆನ್ ಬಲ್ಬು. ಅದರ ಒಂದೇ ಗಾಜಿನೊಳಗೆ ಎರಡು ತಂತುಗಳಿವೆ; ಹೈ ಬೀಮಿನದು 60 ವಾಟು, ಡಿಪ್ ಬೆಳಕಿನದು 55 ವಾಟು. ಹಿಂಬದಿಯಲ್ಲಿ ಮೂರು ಚಪ್ಪಟೆ ಪಿನ್ನುಗಳು ಹೊರಚಾಚಿರುತ್ತವೆ. ಆ ಮೂರರ ಮೇಲೆ ಒಂದು ಕಪ್ಲರು ಕೂರುತ್ತದೆ. ಕಪ್ಲರಿನೊಳಗೆ ಪಿನ್ನನ್ನು ಎರಡು ಕಡೆಯಿಂದಲೂ ಒತ್ತಿ ಹಿಡಿದಿರಬೇಕಾದ ಹಿತ್ತಾಳೆಯ ಮೂರು ಪುಟ್ಟ ಹಿಡಿಗಳಿರುತ್ತವೆ. ದೀಪದ ಯೋಗಕ್ಷೇಮವೆಲ್ಲ ಆ ಹಿಡಿಗಳ ಬಿಗಿಯನ್ನು ಅವಲಂಬಿಸಿದೆ.

ಬಿಗಿ ತಪ್ಪಿದರೆ ಏನಾಗುವುದೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 12 ವೋಲ್ಟಿನಲ್ಲಿ 55 ವಾಟಿನ ದೀಪ ಸುಮಾರು ನಾಲ್ಕೂವರೆ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಸಡಿಲವಾದ ಹಿಡಿಯಲ್ಲಿ ಕಾಲು ಓಮಿನಷ್ಟು ತಡೆ ಹುಟ್ಟಿದರೂ ಸಾಕು, ಒಂದು ವೋಲ್ಟಿನಷ್ಟು ಅಲ್ಲಿಯೇ ನಷ್ಟವಾಗಿ, ನಾಲ್ಕು ವಾಟಿಗೂ ಮೇಲ್ಪಟ್ಟ ಶಾಖ ಹೆಸರುಕಾಳಿನಷ್ಟು ಜಾಗದಲ್ಲಿ ಎಡೆಬಿಡದೆ ಉತ್ಪನ್ನವಾಗುತ್ತಿರುತ್ತದೆ. ಮೇಲಾಗಿ ತಂತುವಿನ ದೀಪಗಳ ಬೆಳಕು ವೋಲ್ಟೇಜು ಇಳಿದಷ್ಟೇ ಇಳಿಯದೆ ಅದಕ್ಕಿಂತ ಬಹು ಶೀಘ್ರವಾಗಿ ಇಳಿಯತಕ್ಕದ್ದು. ವೋಲ್ಟೇಜು ನೂರಕ್ಕೆ ಹತ್ತು ಪಾಲು ಕುಗ್ಗಿದರೆ ಬೆಳಕು ನೂರಕ್ಕೆ ಮೂವತ್ತು ಪಾಲಿನಷ್ಟು ಕುಗ್ಗುತ್ತದೆ. ಆದುದರಿಂದ ದೀಪ ಆರದೆ ಕೆಂಪಗೆ ಮಂಕಾಗಿ ಉರಿಯುತ್ತಿದ್ದರೂ, ಬಲ್ಬು ಹಳತಾಯಿತೆಂದು ಬಗೆದು ಸುಮ್ಮನಿರಲಾಗದು. ಶಾಖದಿಂದ ಹಿತ್ತಾಳೆಯ ಸ್ಪ್ರಿಂಗಿನ ಗುಣ ಕುಂದುತ್ತದೆ; ಕುಂದಿದ ಹಿಡಿ ಇನ್ನಷ್ಟು ಸಡಿಲವಾಗುತ್ತದೆ; ಸಡಿಲವಾದಷ್ಟೂ ತಡೆ ಹೆಚ್ಚಿ ಶಾಖವೂ ಹೆಚ್ಚುತ್ತದೆ. ಅಂಗೈಯ ಏಟಿನಿಂದ ಈ ಪರಂಪರೆ ಕಡಿಯುವುದಿಲ್ಲ. ಪಿನ್ನು ಕಂಡೂ ಕಾಣದಷ್ಟು ಜರುಗಿ ಹೊಸದೊಂದು ಬಿಂದುವಿನಲ್ಲಿ ತಾಗುತ್ತದೆ. ಕೆಲವು ವಾರಗಳಲ್ಲಿ ಆ ಬಿಂದುವೂ ಸುಟ್ಟು ಕಪ್ಪಾಗುತ್ತದೆ.

ನಮ್ಮ ಹವೆಯೂ ಈ ದೋಷಕ್ಕೆ ಪೋಷಕವಾಗಿದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲದ ಬಿಡದ ತೇವ, ಕಾರು ತೊಳೆಯುವ ಅಂಗಡಿಯಲ್ಲಿ ಬಾನೆಟ್ಟಿನೊಳಗೂ ನುಗ್ಗಿಸುವ ಒತ್ತಡದ ನೀರು, ಇವೆಲ್ಲ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತವೆ. ಭತ್ತವನ್ನೋ ಅಡಕೆಯನ್ನೋ ಕೂಡಿಟ್ಟ ಕೊಟ್ಟಿಗೆಯ ಮಗ್ಗುಲಲ್ಲಿ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿಗಳು ಕಡಿಯುವುದೂ ಹಳ್ಳಿಗರೆಲ್ಲರಿಗೆ ಗೊತ್ತಿರುವ ಸಂಗತಿ.

ಹಾಗಾದರೆ ಮನೆಯಲ್ಲಿಯೇ ಮಾಡಬಹುದಾದುದೇನು? ಉಪಕರಣಗಳನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ದೋಷದ ಲಕ್ಷಣವನ್ನು ಚೆನ್ನಾಗಿ ಗಮನಿಸಬೇಕೆಂಬುದು ನನ್ನ ಮೊದಲನೆಯ ಒತ್ತಾಯ. ವೈದ್ಯನು ನಾಡಿ ಹಿಡಿದು ನೋಡದೆ ಔಷಧ ಕೊಡಲಾರನಷ್ಟೆ. ಎರಡು ದೀಪಗಳೂ ಒಟ್ಟಿಗೆ ಆರುತ್ತಿದ್ದರೆ ದೋಷ ಬಲ್ಬಿನಲ್ಲಿರುವ ಸಂಭವ ಕಡಮೆ. ಸ್ವಿಚ್ಚು, ರಿಲೇ, ಅಥವಾ ಎರಡಕ್ಕೂ ಸಮಾನವಾದ ತಂತಿಯ ಕಡೆ ನೋಡಬೇಕು. ಒಂದೇ ಕಡೆಯ ದೀಪ ಆರಿ, ಅದರಲ್ಲಿಯೂ ಡಿಪ್ ಹೋಗಿ ಹೈ ಬೀಮು ಉಳಿದಿದ್ದರೆ, ಆ ಒಂದು ತಂತುವನ್ನೋ ಆ ಒಂದು ಹಿಡಿಯನ್ನೋ ಸಂಶಯಿಸಬೇಕು. ಒಂದು ಕಡೆಯ ಎರಡು ಬೆಳಕುಗಳೂ ಒಟ್ಟಿಗೆ ಮಂಕಾದರೆ, ಎರಡು ತಂತುಗಳಿಗೂ ಸೇರಿದ ಮೂರನೆಯ ತಂತಿಯಲ್ಲಿ ಕೊರತೆಯಿದೆಯೆಂದು ಊಹಿಸುವುದು ನ್ಯಾಯ. ಆ ಕಡೆಯ ದೀಪಕ್ಕೆ ಪ್ರತ್ಯೇಕವಾದ ಫ್ಯೂಸಿರುವ ಕಾರುಗಳೂ ಬಹಳವಾದುದರಿಂದ, ಫ್ಯೂಸಿನ ಪೆಟ್ಟಿಗೆಯ ಮುಚ್ಚಳದ ಮೇಲಿನ ಚಿತ್ರವನ್ನು ಒಮ್ಮೆ ನೋಡಿ, ಆ ಫ್ಯೂಸನ್ನು ಹೊರತೆಗೆದು, ಅದರ ಕಾಲುಗಳಲ್ಲಿಯೂ ಕಿಲುಬಿದೆಯೇ ಎಂದು ಪರೀಕ್ಷಿಸುವುದು ಉಚಿತ.

ಇದಾದ ಮೇಲೆ ಮನೆಯವರಲ್ಲಿ ಒಬ್ಬರನ್ನು ಒಳಗೆ ಕೂರಿಸಿ, ದೀಪ ಹಾಕಿಸಿ, ಬಾನೆಟ್ಟನ್ನು ತೆರೆದು, ದೀಪದ ಹಿಂಬದಿಯ ವೈರಿನ ಕಟ್ಟನ್ನು ಬೆರಳುಗಳಿಂದ ಮೆಲ್ಲಗೆ ಅಲುಗಿಸುತ್ತ ಹೋಗಬೇಕು. ಬಲ್ಬಿನ ಬಳಿ ಅಲುಗಿಸಿದಾಗ ಬೆಳಕು ಮಿನುಗುವುದೋ, ಒಂದು ಗೇಣು ಆಚೆಗೋ, ತಂತಿಯನ್ನು ಕಾರಿನ ಒಡಲಿಗೆ ಬೋಲ್ಟು ಹಾಕಿ ಸೇರಿಸಿದ ಕಡೆಯಲ್ಲಿಯೋ ಎಂಬುದು ಆಗ ಸ್ಪಷ್ಟವಾಗುತ್ತದೆ. ರೇಡಿಯೇಟರಿನ ಫ್ಯಾನು ಹೇಳದೆ ಕೇಳದೆ ತಿರುಗತೊಡಗುವುದುಂಟಾದುದರಿಂದ ಕೈಯನ್ನೂ ಸೆರಗನ್ನೂ ಅದರಿಂದ ದೂರವಿರಿಸಿಕೊಳ್ಳಬೇಕು. ಸ್ಥಳ ಗೊತ್ತಾದೊಡನೆ ದೀಪವನ್ನು ಆರಿಸಿ, ಕೀಲಿಯನ್ನು ಹೊರತೆಗೆದು, ಬಲ್ಬು ತಣಿಯುವುದಕ್ಕೆ ಹತ್ತು ನಿಮಿಷ ಬಿಡುವುದು ಅಗತ್ಯ. ಉರಿದ ಹ್ಯಾಲೊಜೆನ್ ಬಲ್ಬು ಬೆರಳಿನ ಚರ್ಮವನ್ನು ಸುಡಲು ಕ್ಷಣಮಾತ್ರ ಸಾಕು.

ಕಪ್ಲರನ್ನು ಕಳಚುವಾಗ ವೈರನ್ನು ಹಿಡಿದೆಳೆಯದೆ, ಅದರ ಒಡಲನ್ನೇ ಹಿಡಿದು, ಎಡಕ್ಕೂ ಬಲಕ್ಕೂ ಒಂದಿಷ್ಟು ಅಲುಗಿಸುತ್ತ ಹಿಂದಕ್ಕೆ ಜಗ್ಗಬೇಕು. ಅದು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಶುಭಲಕ್ಷಣ. ಬೆರಳು ತಾಗಿದೊಡನೆ ಕೈಗೆ ಬಂದರೆ ದೋಷ ಅಲ್ಲಿಯೇ ಇದೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಅದನ್ನು ಹಗಲು ಬೆಳಕಿಗೆ ಹಿಡಿದು ನೋಡಿದರೆ, ಮೂರು ಕಂಡಿಗಳ ಪೈಕಿ ಒಂದರ ಸುತ್ತ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ, ಅಂಚು ಕರಗಿ ಒಳಕ್ಕೆ ಸೊಟ್ಟಗಾಗಿರುವುದೂ, ಒಳಗಿನ ಹಿತ್ತಾಳೆ ಹೊಳಪನ್ನು ಕಳೆದುಕೊಂಡು ನೀಲಿಗಪ್ಪಾಗಿರುವುದೂ, ಮಿಕ್ಕ ಎರಡು ಕಂಡಿಗಳು ಹೊಸದರಂತೆಯೇ ಇರುವುದೂ ಕಾಣುತ್ತದೆ. ಬಲ್ಬಿನ ಪಿನ್ನುಗಳಲ್ಲಿಯೂ ಅದೇ ಜಾಗದ್ದು ಮಾತ್ರ ಮಸಿ ಬಡಿದಂತಿರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆಂದೂ ದೀಪವನ್ನು ತಟ್ಟಿ ಹೊತ್ತಿಸಲು ಮನಸ್ಸು ಮಾಡಲಾರರೆಂದು ನಾನು ನಂಬಿದ್ದೇನೆ.

ಪ್ಲಾಸ್ಟಿಕ್ಕು ಕರಗದೆ ಕಿಲುಬು ಮಾತ್ರ ಹಿಡಿದಿದ್ದರೆ ಕೆಲಸ ಸುಲಭ. ಕಾಂಟ್ಯಾಕ್ಟ್ ಕ್ಲೀನರನ್ನು ಸಿಂಪಡಿಸಿ, ನಯವಾದ ಎಮರಿ ಕಾಗದದ ಚೂರನ್ನು ಮಡಿಸಿ ಪಿನ್ನನ್ನೂ ಹಿಡಿಯನ್ನೂ ಉಜ್ಜಿ, ಹಿಡಿಯ ಬಾಯನ್ನು ಚೂಪುಮೂತಿಯ ಇಕ್ಕಳದಿಂದ ಕೊಂಚ ಒತ್ತಿ ಕಿರಿದುಮಾಡಿ, ಕಪ್ಲರನ್ನು ಮತ್ತೆ ತೊಡಿಸಿದರೆ ಅದು ಬಿಗಿಯಾಗಿ ಕೂರುತ್ತದೆ. ಕರಗಿದ ಕಪ್ಲರನ್ನಾದರೋ ಉಳಿಸಿಕೊಳ್ಳುವ ಆಸೆ ಸಲ್ಲದು. ಪಿಂಗಾಣಿಯ ಒಡಲಿನ ಹೋಲ್ಡರುಗಳು ಮೋಟಾರು ಸಾಮಾನಿನ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತವೆ. ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಿ, ಮೂರು ತಂತಿಗಳನ್ನೂ ಒಮ್ಮೆಗೇ ಕತ್ತರಿಸಿ ಗೊಂದಲಕ್ಕೆ ಗುರಿಯಾಗದೆ ಒಂದಾದ ಮೇಲೊಂದನ್ನು ಹೊಸ ಹೋಲ್ಡರಿನ ತಂತಿಗೆ ಜೋಡಿಸುತ್ತ ಬರಬೇಕು. ತಂತಿಗಳನ್ನು ಬರಿಗೈಯಿಂದ ಹೊಸೆದು ಟೇಪು ಸುತ್ತುವ ನಮ್ಮ ಸಾರ್ವತ್ರಿಕ ಪದ್ಧತಿಯನ್ನು ನಾನು ಖಂಡಿಸಲೇಬೇಕಾಗಿದೆ. ಬಾನೆಟ್ಟಿನ ಕೆಳಗಿನ ಬಿಸಿಗೆ ಆ ಟೇಪಿನ ಅಂಟು ಕರಗಿ, ಒಂದು ಮಳೆಗಾಲ ಕಳೆಯುವುದರೊಳಗಾಗಿ, ಒಂದು ಸಡಿಲ ಸಂಪರ್ಕವಿದ್ದ ಕಡೆ ಮೂರಾಗುತ್ತವೆ. ತಂತಿಗಳನ್ನು ಲೋಹದ ಪುಟ್ಟ ಕೊಳವೆಯಲ್ಲಿಟ್ಟು ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಮೇಲೆ ಶಾಖಕ್ಕೆ ಬಿಗಿದುಕೊಳ್ಳುವ ಸ್ಲೀವನ್ನು ಹಾಕುವುದು ಸರಿಯಾದ ಕ್ರಮ. ಬಲ್ಬನ್ನು ಹೊರತೆಗೆಯಬೇಕಾಗಿ ಬಂದರೆ ಅದರ ಗಾಜನ್ನು ಬರಿಯ ಬೆರಳಿನಿಂದ ಮುಟ್ಟಬಾರದು. ಚರ್ಮದ ಜಿಡ್ಡು ತಾಗಿದ ಜಾಗ ಉರಿಯುವಾಗ ಮಿತಿಮೀರಿ ಕಾದು ಬಲ್ಬಿನ ಆಯುಸ್ಸನ್ನು ಕುಗ್ಗಿಸುತ್ತದೆ.

ಬಲ್ಬೂ ಕಪ್ಲರೂ ನೆಟ್ಟಗಿದ್ದು ದೀಪ ಇನ್ನೂ ಮಂಕಾಗಿದ್ದರೆ ಸಂಶಯ ಅರ್ತಿಂಗಿನ ಕಡೆ ತಿರುಗಬೇಕು. ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ಉಕ್ಕಿನ ಬಾಡಿಯೇ. ದೀಪದ ಋಣ ತಂತಿ ಎಲ್ಲಿಯೋ ಒಂದು ಬೋಲ್ಟಿನ ಕೆಳಗೆ ಆ ಬಾಡಿಯನ್ನು ಸೇರುತ್ತದೆ. ಆ ಬೋಲ್ಟು ಸಡಿಲವಾದರೆ ಅಥವಾ ಅದರಡಿ ತುಕ್ಕು ಕೂತರೆ ವಿಚಿತ್ರವಾದುದೊಂದು ಘಟಿಸುತ್ತದೆ. ಡಿಪ್ ತಂತುವಿನ ಮೂಲಕ ಬಂದ ವಿದ್ಯುತ್ತು ನೇರವಾಗಿ ಮರಳಲು ದಾರಿಯಿಲ್ಲದೆ, ಹೈ ಬೀಮಿನ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಮತ್ತೊಂದು ಕಡೆಯ ದೀಪದ ಮಾರ್ಗವಾಗಿ ಹೊರಬೀಳಲು ಯತ್ನಿಸುತ್ತದೆ. ಆಗ ಎರಡು ತಂತುಗಳೂ ಕೆಂಪಗೆ ಕ್ಷೀಣವಾಗಿ ಉರಿಯುತ್ತವೆ, ಮೀಟರಿನ ಬಳಿಯ ಹೈ ಬೀಮಿನ ನೀಲಿ ದೀಪವೂ ಹಾಕದಿದ್ದರೂ ಮಸುಕಾಗಿ ಮಿಣುಕಬಹುದು. ಮನೆಯಲ್ಲಿ ಮಲ್ಟಿಮೀಟರಿದ್ದರೆ ಇದನ್ನು ನಿಸ್ಸಂದೇಹವಾಗಿ ಸಾಧಿಸಿ ನೋಡಬಹುದು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಕೆಂಪು ಕಡ್ಡಿಯನ್ನು ಕಪ್ಲರಿನ ಹಿಂಬದಿಯಿಂದ ಅರ್ತಿನ ತಂತಿಗೂ ತಾಗಿಸಿ, ದೀಪ ಉರಿಯುತ್ತಿರುವಂತೆಯೇ ಓದಬೇಕು. ವೋಲ್ಟಿನ ಹತ್ತನೆಯ ಒಂದೆರಡು ಪಾಲು ತೋರಿದರೆ ಚಿಂತೆಯಿಲ್ಲ. ಅರ್ಧ ವೋಲ್ಟು ತೋರಿದರೆ ಆ ಬೋಲ್ಟನ್ನು ಬಿಚ್ಚಿ, ಬಣ್ಣವನ್ನೂ ತುಕ್ಕನ್ನೂ ಉಜ್ಜಿ ಉಕ್ಕು ಬೆಳ್ಳಗೆ ಕಾಣುವಂತೆ ಮಾಡಿ, ಬಿಗಿಯಾಗಿ ತಿರುಗಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ಸವರಬೇಕು. ಕೆಲವು ಕಾರುಗಳಲ್ಲಿ ಮೂರನೆಯ ತಂತಿ ಧನದ್ದಾಗಿದ್ದು ಸ್ವಿಚ್ಚು ಋಣದ ಕಡೆ ಇರುವುದುಂಟು. ಅಂಥವುಗಳಲ್ಲಿ ಈ ಪರೀಕ್ಷೆಯನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬೇಕಾಗುತ್ತದೆ.

ಬೆಳಕು ಸಾಲದೆಂದು 100/90 ವಾಟಿನ ಬಲ್ಬನ್ನು ಹಾಕಿಸಿಕೊಳ್ಳುವ ಚಾಳಿ ನಮ್ಮಲ್ಲಿ ಬಹಳ ಹಬ್ಬಿದೆ. ಕಾರಿನ ವೈರೂ ಕಪ್ಲರೂ 60 ವಾಟಿಗೆಂದು ರಚಿತವಾದವು. 100 ವಾಟಿನ ತಂತು ಐದು ಆಂಪಿಯರಿನ ಜಾಗದಲ್ಲಿ ಎಂಟಕ್ಕೂ ಮೇಲ್ಪಟ್ಟು ಎಳೆಯುತ್ತದೆ. ಸಂಪರ್ಕದ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಅದೇ ತಡೆಯಲ್ಲಿ ಹುಟ್ಟುವ ಬಿಸಿ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಕರಗಿದ ಕಪ್ಲರುಗಳ ಇತಿಹಾಸವನ್ನು ಕೆದಕಿದರೆ ಎಷ್ಟೋ ವೇಳೆ ಇಂಥ ಬಲ್ಬೇ ಸಿಗುತ್ತದೆ. ಅದರಿಂದ ಎದುರಿನವನ ಕಣ್ಣು ಕುಕ್ಕುವುದು ಬೇರೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಜಾಗಕ್ಕೆ ತಂತಿಯ ತುಂಡನ್ನು ಸಿಕ್ಕಿಸುವವರಂತೂ ದೀಪದ ದೋಷವನ್ನು ಬೆಂಕಿಯ ಭಯವನ್ನಾಗಿ ಪರಿವರ್ತಿಸಿಕೊಳ್ಳುತ್ತಾರೆ.

ಎಲ್ಲ ದೀಪಗಳೂ ಮನೆಯ ಕೆಲಸಕ್ಕೆ ಒಪ್ಪುವಂಥವಲ್ಲವೆಂಬುದನ್ನು ಮರೆಮಾಚುವಂತಿಲ್ಲ. ಕ್ಸೆನಾನ್ ದೀಪಗಳು ಹೊತ್ತಿಕೊಳ್ಳುವ ಕ್ಷಣದಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಮಟ್ಟದ ವಿದ್ಯುತ್ತನ್ನು ಬಳಸುತ್ತವೆ. ಅವುಗಳ ತಂಟೆಗೆ ಹೋಗಬಾರದು. ಎಲ್ಇಡಿ ದೀಪದೊಳಗಿನ ಸರ್ಕ್ಯೂಟೂ ತಜ್ಞನ ಪಾಲಿನದು. ಫ್ಯೂಸು ಮತ್ತೆ ಮತ್ತೆ ಹಾರಿದರೆ, ಇಲಿ ಕಡಿದು ವೈರಿನ ಕಟ್ಟೇ ಹಾಳಾಗಿದ್ದರೆ, ಊರಿನ ಆಟೋ ಎಲೆಕ್ಟ್ರಿಷಿಯನ್ನನ ಬಳಿ ಹೋಗುವುದೇ ವಿವೇಕ. ಆದರೆ ಅಲ್ಲಿಗೆ ಹೋಗುವವನು “ಲೈಟು ಸರಿಯಿಲ್ಲ, ನೋಡಪ್ಪ” ಎಂದಷ್ಟೇ ಹೇಳುವುದಕ್ಕೂ, “ಬಲಗಡೆ ಡಿಪ್ ಮಾತ್ರ, ಕಪ್ಲರು ಅಲುಗಿಸಿದರೆ ಮಿನುಗುತ್ತೆ” ಎಂದು ಹೇಳುವುದಕ್ಕೂ ಬಹಳ ಅಂತರವಿದೆ. ಎರಡನೆಯ ಮಾತು ಆ ಕೆಲಸಗಾರನ ಅರ್ಧ ದಿನವನ್ನು ಉಳಿಸುತ್ತದೆ, ಅನಾವಶ್ಯಕವಾಗಿ ಹೊಸ ಬಲ್ಬು ಬದಲಾಗುವುದನ್ನೂ ತಪ್ಪಿಸುತ್ತದೆ.

ನನ್ನ ಪರಿಚಯದ ನಿವೃತ್ತ ಉಪಾಧ್ಯಾಯಿನಿಯೊಬ್ಬರು, ರಾತ್ರಿ ಪ್ರಯಾಣವಿದ್ದಾಗಲೆಲ್ಲ ಕಾರನ್ನು ಮನೆಯ ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿ, ದೀಪ ಹಾಕಿ, ಗೋಡೆಯ ಮೇಲೆ ಬಿದ್ದ ಎರಡು ಬೆಳಕುಗಳನ್ನೂ ಹೋಲಿಸಿ ನೋಡದೆ ಹೊರಡುವುದಿಲ್ಲ. ಡಿಪ್ ಬೆಳಕಿನ ಮೇಲಂಚು ಬಲಗಡೆಗೆ ಸಮವಾಗಿಯೂ ಎಡಗಡೆಗೆ ಕೊಂಚ ಏರಿಯೂ ಇರಬೇಕು. ಎರಡರ ಬಣ್ಣವೂ ಒಂದೇ ಆಗಿರಬೇಕು. ಒಂದು ಹಳದಿಗೆ ತಿರುಗಿ ಕಂಡರೆ ಆ ಕಡೆಯ ಸಂಪರ್ಕ ಕುಗ್ಗುತ್ತಿದೆಯೆಂದು ಅವರು ದೀಪ ಆರುವುದಕ್ಕೆ ಮೊದಲೇ ತಿಳಿದುಕೊಳ್ಳುತ್ತಾರೆ. ಯಂತ್ರವಿದ್ಯೆಯನ್ನು ಓದಿದವರಲ್ಲ ಅವರು. ಗಮನಿಸುವುದನ್ನು ಅಭ್ಯಾಸ ಮಾಡಿಕೊಂಡವರು.

ಕಾರುಗಳನ್ನು ತಯಾರಿಸುವವರ ಹೊಣೆಯನ್ನೂ ಇಲ್ಲಿ ಹೇಳದೆ ಬಿಡಲಾಗದು. ಹಿಂದಿನ ಅಂಬಾಸಿಡರ್ ಕಾರಿನ ದುಂಡು ದೀಪವನ್ನು, ಮುಂದಿನ ಹೊಳೆಯುವ ಬಳೆಯನ್ನು ಬಿಚ್ಚಿ, ಒಂದು ಸ್ಕ್ರೂಡ್ರೈವರಿನ ಸಹಾಯದಿಂದಲೇ ಹೊರಕ್ಕೆ ತೆಗೆದು ನೋಡಬಹುದಾಗಿತ್ತು. ಈಗಿನ ಕೆಲವು ಕಾರುಗಳಲ್ಲಿ ದೀಪದ ಹಿಂಬದಿಗೆ ಕೈ ತೂರಬೇಕಾದರೆ ಬ್ಯಾಟರಿಯನ್ನು ಎತ್ತಿಡಬೇಕು. ಮತ್ತೆ ಕೆಲವದರಲ್ಲಿ ಮುಂದಿನ ಬಂಪರನ್ನೇ ಕಳಚಬೇಕು. ರೂಪ ಸುಂದರವಾಗಿರಲಿ, ಬೇಡವೆನ್ನುವುದಿಲ್ಲ. ಆದರೆ ಜೀವರಕ್ಷಣೆಗೆ ಸಂಬಂಧಿಸಿದ ಒಂದು ಭಾಗ ಅದರ ಒಡೆಯನ ಕೈಗೆ ಎಟುಕದಂತೆ ರಚಿತವಾಗುವುದನ್ನು ಗ್ರಾಹಕರು ಮೌನವಾಗಿ ಒಪ್ಪಬಾರದು. ಕಾರು ಕೊಳ್ಳುವಾಗ ಸೀಟಿನ ಬಟ್ಟೆಯನ್ನೂ ಹಾಡಿನ ಪೆಟ್ಟಿಗೆಯನ್ನೂ ವಿಚಾರಿಸುವವರು, ಬಾನೆಟ್ಟನ್ನು ತೆರೆಸಿ, ದೀಪದ ಕಪ್ಲರಿಗೆ ನನ್ನ ಕೈ ಹೋಗುವುದೇ ಎಂದು ಅಲ್ಲಿಯೇ ಒಮ್ಮೆ ಕೈಯಿಟ್ಟು ನೋಡಲಿ. ಕಾರಿನೊಡನೆ ಕೊಡುವ ಪುಸ್ತಕದಲ್ಲಿ ದೀಪದ ಮೂರು ತಂತಿಗಳ ಬಣ್ಣ, ಫ್ಯೂಸಿನ ಸ್ಥಾನ, ಅರ್ತಿನ ಬೋಲ್ಟಿರುವ ಜಾಗ, ಇಷ್ಟನ್ನು ಒಂದು ಪುಟದ ಚಿತ್ರವಾಗಿ, ನಮ್ಮ ಭಾಷೆಯಲ್ಲಿ, ಮುದ್ರಿಸಿಕೊಡಲಿ. ಡ್ರೈವಿಂಗ್ ಶಾಲೆಗಳು ಕ್ಲಚ್ಚು ಗೇರುಗಳನ್ನು ಕಲಿಸುವ ದಿನಗಳಲ್ಲಿ ಒಂದು ಬೆಳಗನ್ನು ಇದಕ್ಕಾಗಿ ಮೀಸಲಿಡಲಿ. ಲೈಸೆನ್ಸಿನ ಪರೀಕ್ಷೆಯಲ್ಲಿಯೂ, ಕಾರನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ತೋರಿಸುವುದರ ಜೊತೆಗೆ, ಬಾನೆಟ್ಟನ್ನು ತೆರೆದು ಒಂದು ಕಪ್ಲರನ್ನು ಕಳಚಿ ಮತ್ತೆ ತೊಡಿಸಿ ಎರಡು ದೀಪಗಳನ್ನೂ ಹೊತ್ತಿಸಿ ತೋರಿಸುವುದನ್ನು ಸೇರಿಸಿದರೆ, ಅದಕ್ಕೆ ತಗಲುವ ಹೊತ್ತು ಒಬ್ಬೊಬ್ಬರಿಗೆ ಐದು ನಿಮಿಷವನ್ನು ಮೀರಲಾರದು.